ಕಾಳಿ ಅಳಿವೆಯ ದಂಡೆಯಲ್ಲಿ ಒಂದು ಮಾನವ ಪ್ರೋಟೀನನ್ನು ತಯಾರಿಸಿದ್ದು

ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರಿಂದ ನಾನು ತಿಂಗಳಿಗೊಮ್ಮೆ ಒಂದಿಷ್ಟು ಜೀವಂತ ಬಳಚನ್ನು ಕೊಂಡು ಕಾರವಾರದ ನಮ್ಮ ಪ್ರಯೋಗಾಲಯಕ್ಕೆ ತರುತ್ತೇನೆ. ಕರಾವಳಿಯವರು ಸುಕ್ಕಾ ಮಾಡಿ ತಿನ್ನುವ ಈ ಚಿಪ್ಪಿನ ಜೀವಿಯಲ್ಲಿ ನನಗೆ ಬೇಕಾದದ್ದು ಚಿಪ್ಪಿನ ಒಳಮೈಗೆ ಅಂಟಿಕೊಂಡಿರುವ ಮ್ಯಾಂಟಲ್ ಎಂಬ ತೆಳುವಾದ ಪದರ. ಸುಣ್ಣದ ಚಿಪ್ಪನ್ನು ಕಟ್ಟುವುದು ಈ ಪದರವೇ. ಕಟ್ಟಲು ಬೇಕಾದ ಬೈಕಾರ್ಬೊನೇಟನ್ನು ಬೇಗಬೇಗ ಒದಗಿಸಲು ಅದರಲ್ಲಿ ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವಿದೆ. ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಬೈಕಾರ್ಬೊನೇಟ್ ಆಗುವುದು ತಾನಾಗಿಯೂ ನಡೆಯುವ ಕ್ರಿಯೆಯಾದರೂ ಜೀವಕೋಶಕ್ಕೆ ಆ ವೇಗ ಸಾಲದು. ಕಿಣ್ವ ಅದನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತದೆ.

ಏಪ್ರಿಲ್‌ನಲ್ಲಿ ಸಮುದ್ರದಷ್ಟೇ ಉಪ್ಪಾಗಿರುವ ಅಳಿವೆಯ ನೀರು ಜುಲೈ ತಿಂಗಳಲ್ಲಿ ಹೆಚ್ಚುಕಡಿಮೆ ಸಿಹಿಯಾಗಿಬಿಡುತ್ತದೆ. ಈ ಏರಿಳಿತಕ್ಕೆ ಬಳಚಿನ ಕಿಣ್ವ ಹೇಗೆ ಸ್ಪಂದಿಸುತ್ತದೆ ಎಂಬುದು ನನ್ನ ಪಿಎಚ್‌.ಡಿ. ಪ್ರಶ್ನೆ. ಮೊದಲ ವರ್ಷದ ಅಳತೆಗಳು ಚೆನ್ನಾಗಿಯೇ ಹೊಂದಿಕೊಂಡಂತೆ ಕಂಡವು: ಬೇಸಿಗೆಯಲ್ಲಿ ಕಿಣ್ವದ ಚಟುವಟಿಕೆ ಹೆಚ್ಚು, ಜೂನ್‌ನಿಂದ ಥಟ್ಟನೆ ಕಡಿಮೆ. ನಕ್ಷೆಯನ್ನು ನೋಡಿದ ಮಾರ್ಗದರ್ಶಕಿ ಮೇಡಂ ತುಸು ಹೊತ್ತು ಸುಮ್ಮನಿದ್ದು, "ಬಳಚನ್ನು ಅಳೆದಿದ್ದೀಯ, ಸರಿ. ಅಳತೆಗೋಲನ್ನು ಅಳೆದಿದ್ದೀಯಾ?" ಎಂದು ಕೇಳಿದರು. ಎಷ್ಟು ಶುದ್ಧ, ಎಷ್ಟು ಪ್ರಮಾಣ, ಎಷ್ಟು ಚಟುವಟಿಕೆ ಎಂಬುದೆಲ್ಲ ಖಚಿತವಾಗಿ ಗೊತ್ತಿರುವ ಒಂದು ಕಿಣ್ವವನ್ನು ಪ್ರತಿದಿನ ಮೊದಲು ಅಳೆದು, ಅದು ಸರಿಬಂದ ಮೇಲಷ್ಟೇ ಬಳಚಿನ ಕಡೆ ಹೋಗಬೇಕು ಎಂಬುದು ಅವರ ಮಾತಿನ ಅರ್ಥವಾಗಿತ್ತು.

ಅಂಥ ಕಿಣ್ವಗಳಲ್ಲಿ ಅತ್ಯಂತ ಚೆನ್ನಾಗಿ ಅಧ್ಯಯನವಾದದ್ದು ಮನುಷ್ಯನ ಕಾರ್ಬೊನಿಕ್ ಅನ್‌ಹೈಡ್ರೇಸ್ 2. ನಮ್ಮ ಕೆಂಪು ರಕ್ತಕಣಗಳಲ್ಲಿ ಹೇರಳವಾಗಿರುವ ಇದರ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಮಾರ್ಪಡಿಸಬಲ್ಲದು. 1933ರಲ್ಲಿ ಮೆಲ್ಡ್ರಮ್ ಮತ್ತು ರಾಟನ್ ಅವರು ರಕ್ತದಲ್ಲಿ ಈ ಕಿಣ್ವವಿರುವುದನ್ನು ವಿವರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಕೈಲಿನ್ ಮತ್ತು ಮಾನ್ ಅದರೊಳಗೆ ಸತು ಇರುವುದನ್ನು ತೋರಿಸಿದರು. ಹಿಸ್ಟಿಡಿನ್ ಎಂಬ ಮೂರು ಅಮೈನೋ ಆಮ್ಲಗಳು ಹಿಡಿದಿರುವ ಸತುವಿನ ಆ ಒಂದು ಪರಮಾಣುವೇ ಇಡೀ ಕಿಣ್ವದ ಜೀವ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ನಾವು ಎಡವಿದ್ದು ಅಲ್ಲಿಯೇ.

ಶುದ್ಧೀಕರಿಸಿದ ಮಾನವ ಪ್ರೋಟೀನುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಅವು ಮೈಕ್ರೋಗ್ರಾಂ ಲೆಕ್ಕದಲ್ಲಿ ಬರುತ್ತವೆ, ಮತ್ತು ವರ್ಷವಿಡೀ ದಿನಕ್ಕೊಂದು ಅಳತೆಗೆ ಬೇಕಾಗುವಷ್ಟನ್ನು ಕೊಳ್ಳುವ ಶಕ್ತಿ ನಮ್ಮ ಅನುದಾನಕ್ಕೆ ಇರಲಿಲ್ಲ. ಹಾಗಾಗಿ ನಾವೇ ತಯಾರಿಸುವುದೆಂದು ತೀರ್ಮಾನವಾಯಿತು. ಈ ಸುದ್ದಿಯನ್ನು ಶಿರಸಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಮೊದಲು ಕೇಳಿದ್ದು, "ಯಾರ ರಕ್ತ ತೆಗೆಯುತ್ತೀರೇ?" ಎಂದು. ರಕ್ತದ ಹನಿಯೂ ಬೇಡ, ಆ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಮನುಷ್ಯನ ಬರಹವನ್ನು ಒಂದು ಬ್ಯಾಕ್ಟೀರಿಯಕ್ಕೆ ಓದಲು ಕೊಟ್ಟರೆ ಅದೇ ಕಟ್ಟಿಕೊಡುತ್ತದೆ ಎಂದೆ. ಇನ್ಸುಲಿನ್ ಕೂಡ ಹೀಗೆಯೇ ಎಂದು ಸೇರಿಸಿದ ಮೇಲೆ, ಸ್ವತಃ ಇನ್ಸುಲಿನ್ ತೆಗೆದುಕೊಳ್ಳುವ ಅವಳಿಗೆ ಸಮಾಧಾನವಾಯಿತು. ಮಾನವ ಇನ್ಸುಲಿನನ್ನು ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಮೊದಲು ತಯಾರಿಸಿದ್ದು 1978ರಲ್ಲಿ. 1982ರಲ್ಲಿ ಅದು ಔಷಧವಾಗಿ ಅನುಮತಿ ಪಡೆಯಿತು. ನಮ್ಮದು ಔಷಧವಲ್ಲ. ಬ್ಯಾಕ್ಟೀರಿಯದ ಹೊರಗೋಡೆಯಿಂದ ಬರುವ, ಜ್ವರ ತರಿಸುವ ವಿಷಾಂಶ ಅದರಲ್ಲಿ ಉಳಿದಿರುವ ಸಾಧ್ಯತೆ ಇರುವುದರಿಂದ ಎಷ್ಟೇ ಶುದ್ಧವಾದರೂ ಅದು ಪ್ರಯೋಗಾಲಯದ ಗೋಡೆಯೊಳಗೇ ಇರಬೇಕು.

ಇಂಥ ಕೆಲಸಕ್ಕೆ, ಜೀನು ಬದಲಿಸಿದ ಜೀವಿಗಳ ಕುರಿತಾದ 1989ರ ನಿಯಮಗಳಡಿ ಸಂಸ್ಥೆಯ ಜೈವಿಕ ಸುರಕ್ಷಾ ಸಮಿತಿಯ ಮುಂದೆ ಹೋಗಬೇಕು. ಹೋದೆವು, ಕಾಗದಪತ್ರಕ್ಕೆ ಕೆಲವು ವಾರಗಳು ಹಿಡಿದವು. ಅಷ್ಟರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದವರು ಪ್ಲಾಸ್ಮಿಡನ್ನು, ಅಂದರೆ ಆ ಮಾನವ ಜೀನನ್ನು ಹೊತ್ತ ಡಿಎನ್‌ಎ ಉಂಗುರವನ್ನು, ಸಾದಾ ಅಂಚೆಯಲ್ಲಿ ಕಳಿಸಿದರು. ಸೋಸುವ ಕಾಗದದ ಚೂರಿನ ಮೇಲೆ ಪೆನ್ಸಿಲ್ಲಿನಿಂದ ಒಂದು ವೃತ್ತ ಬರೆದು, ಅದರೊಳಗೆ ಡಿಎನ್‌ಎ ದ್ರಾವಣದ ಒಂದು ಹನಿಯನ್ನು ಒಣಗಿಸಿದ್ದರು. ಕಾಗದದ ಮೇಲೆ ಕಲೆಯೂ ಇರಲಿಲ್ಲ. ಆ ವೃತ್ತವನ್ನು ಕತ್ತರಿಸಿ ನಾಲ್ಕು ಹನಿ ನೀರಿನಲ್ಲಿ ನೆನೆಸಿ, ಬಂದ ನೀರನ್ನು ಹಿಮದ ಮೇಲಿಟ್ಟ ಬ್ಯಾಕ್ಟೀರಿಯಕ್ಕೆ ಬೆರೆಸಿ, 42 ಡಿಗ್ರಿ ಬಿಸಿನೀರಿನಲ್ಲಿ 45 ಸೆಕೆಂಡು ಅದ್ದಿ ತೆಗೆದು, ಆಂಟಿಬಯೋಟಿಕ್ ಬೆರೆಸಿದ ತಟ್ಟೆಯ ಮೇಲೆ ಹರಡಿದೆ. ಪ್ಲಾಸ್ಮಿಡ್ ಒಳಹೊಕ್ಕ ಕೋಶಗಳು ಮಾತ್ರ ಆ ತಟ್ಟೆಯಲ್ಲಿ ಬದುಕುತ್ತವೆ. ಮಾರನೆಯ ಬೆಳಿಗ್ಗೆ ಸಾಬಕ್ಕಿಗಿಂತ ಚಿಕ್ಕದಾದ ಹದಿನೇಳು ಬಿಳಿ ಚುಕ್ಕೆಗಳು ಎದ್ದಿದ್ದವು.

ನಾವು ಬಳಸಿದ ಬಿಎಲ್21 ಎಂಬ ಇ. ಕೋಲಿ ತಳಿಯೂ, ಬೇಕೆಂದಾಗ ಜೀನನ್ನು ಚಾಲೂ ಮಾಡುವ ಅದರ ಟಿ7 ವ್ಯವಸ್ಥೆಯೂ 1980ರ ದಶಕದಲ್ಲಿ ಸ್ಟುಡಿಯರ್ ಮತ್ತು ಅವರ ಸಂಗಡಿಗರು ರೂಪಿಸಿದವು. ಬ್ಯಾಕ್ಟೀರಿಯ ಚೆನ್ನಾಗಿ ಬೆಳೆಯುವವರೆಗೆ ಮಾನವ ಜೀನು ಸುಮ್ಮನಿರುತ್ತದೆ. ಐಪಿಟಿಜಿ ಎಂಬ ರಾಸಾಯನಿಕವನ್ನು ಹಾಕಿದ ಕೂಡಲೇ ಕೋಶವು ತನ್ನ ಕೆಲಸವನ್ನೆಲ್ಲ ಬದಿಗಿಟ್ಟು ಆ ಒಂದೇ ಪ್ರೋಟೀನನ್ನು ಕಟ್ಟತೊಡಗುತ್ತದೆ. ಹಿಂದಿನ ರಾತ್ರಿ ಬೆಳೆಸಿದ ಚೂರು ದ್ರಾವಣವನ್ನು, ಹಾಲಿಗೆ ಹೆಪ್ಪು ಹಾಕುವಂತೆ, ದೊಡ್ಡ ಫ್ಲಾಸ್ಕುಗಳಿಗೆ ಹಾಕಿ ಶೇಕರಿನಲ್ಲಿಟ್ಟೆ. ದ್ರಾವಣ ಸಾಕಷ್ಟು ಮಬ್ಬಾದ ಮೇಲೆ ಐಪಿಟಿಜಿಯ ಜೊತೆಗೆ ಸ್ವಲ್ಪ ಸತುವಿನ ಸಲ್ಫೇಟನ್ನೂ ಬೆರೆಸಿ, ಉಷ್ಣತೆಯನ್ನು 37ರಿಂದ 25 ಡಿಗ್ರಿಗೆ ಇಳಿಸಿದೆ. ಅವಸರದಲ್ಲಿ ಕಟ್ಟಿದ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತದೆ. ತಂಪಿನಲ್ಲಿ ನಿಧಾನವಾಗಿ ಕಟ್ಟಿದರೆ ಕರಗಿದ ಸ್ಥಿತಿಯಲ್ಲೇ ಸಿಗುತ್ತದೆ. ಆ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಅಲುಗಾಟ ನಿಂತರೆ ಬ್ಯಾಕ್ಟೀರಿಯಕ್ಕೆ ಗಾಳಿ ಸಾಲದು. ಜನರೇಟರ್ ಶುರುವಾಗುವ ತನಕ, ನಾವೆಲ್ಲ ಅಣ್ಣ ಎಂದೇ ಕರೆಯುವ ಪ್ರಯೋಗಾಲಯದ ಸಹಾಯಕರೂ ನಾನೂ ಕೈಗೊಂದರಂತೆ ಫ್ಲಾಸ್ಕು ಹಿಡಿದು ಕತ್ತಲೆಯಲ್ಲಿ ಕುಲುಕುತ್ತ ನಿಂತಿದ್ದೆವು.

ಬೆಳಿಗ್ಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿದ ಕೋಶಗಳನ್ನು ಬಫರಿನಲ್ಲಿ, ಅಂದರೆ ಪಿಎಚ್ ಸುಲಭವಾಗಿ ಬದಲಾಗದಂತೆ ಕಾಯುವ ದ್ರಾವಣದಲ್ಲಿ, ಕದಡಿ, ಹಿಮದ ಬಟ್ಟಲಿನಲ್ಲಿಟ್ಟು ಶಬ್ದದ ಅಲೆ ಹಾಯಿಸುವ ಸೋನಿಕೇಟರಿನಿಂದ ಒಡೆಯಬೇಕು. ಕೋಶಗಳು ಒಡೆದಾಗ ಹೊರಬರುವ ಡಿಎನ್‌ಎ ದ್ರಾವಣವನ್ನು ಲೋಳೆಲೋಳೆಯಾಗಿಸುತ್ತದೆ. ನಮ್ಮ ಶಿರಸಿ ಕಡೆ ತಲೆಗೆ ಹಾಕಿಕೊಳ್ಳಲು ಮತ್ತಿ ಸೊಪ್ಪನ್ನು ನೀರಿನಲ್ಲಿ ಹಿಸುಕಿ ಗೊಂಪು ಮಾಡುತ್ತಾರಲ್ಲ, ಬಣ್ಣವೊಂದನ್ನು ಬಿಟ್ಟರೆ ಥೇಟ್ ಹಾಗೆಯೇ ಇರುತ್ತದೆ. ಪಿಪೆಟ್ಟಿನ ತುದಿಯಿಂದ ಎಳೆಯಾಗಿ ಜೋಲುತ್ತದೆ. ಹತ್ತು ಸೆಕೆಂಡು ಸೋನಿಕೇಟರ್ ನಡೆಸುವುದು, ಮೂವತ್ತು ಸೆಕೆಂಡು ತಣಿಯಲು ಬಿಡುವುದು, ಹೀಗೆ ಆ ಎಳೆ ಹರಿದು ನೀರಾಗುವ ತನಕ ಮಾಡಿದೆ. ಈ ಹಂತದಲ್ಲಿ ಬಿಸಿಯಾದರೆ ಪ್ರೋಟೀನು ಹಾಳಾಗುತ್ತದೆ, ಆದ್ದರಿಂದ ಬಟ್ಟಲಿನ ಹಿಮವನ್ನು ಮೂರು ಸಲ ಬದಲಿಸಿದೆ.

ನಮ್ಮ ಪ್ರೋಟೀನಿನ ತುದಿಗೆ ಆರು ಹಿಸ್ಟಿಡಿನ್‌ಗಳ ಒಂದು ಬಾಲವನ್ನು ಜೋಡಿಸಲಾಗಿತ್ತು. ನಿಕ್ಕಲ್ ಹಿಡಿದ ತಿಳಿನೀಲಿ ಮಣಿಗಳನ್ನು ತುಂಬಿದ ಕಾಲಮ್ಮಿನ ಮೂಲಕ ದ್ರಾವಣವನ್ನು ಹರಿಸಿದರೆ ಆ ಬಾಲ ನಿಕ್ಕಲ್‌ಗೆ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯದ ಸಾವಿರಾರು ಇತರ ಪ್ರೋಟೀನುಗಳು ಸೋರಿಹೋಗುತ್ತವೆ. ಆಮೇಲೆ ಇಮಿಡಜೋಲ್ ಎಂಬ ಪದಾರ್ಥವನ್ನು ಮೊದಲು ಕಡಿಮೆ, ನಂತರ ಹೆಚ್ಚು ಸಾಂದ್ರತೆಯಲ್ಲಿ ಹಾಯಿಸಿದರೆ ಸಡಿಲವಾಗಿ ಅಂಟಿದವು ಮೊದಲು ಬಿಟ್ಟು, ಕೊನೆಗೆ ನಮ್ಮದು ಇಳಿದು ಬರುತ್ತದೆ. ಇಳಿದು ಬಂದ ದ್ರಾವಣ ಬರಿಗಣ್ಣಿಗೆ ನೀರೇ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ಅದರ ಒಂದು ಹನಿಯನ್ನು ಓಡಿಸಿ ನೀಲಿ ಬಣ್ಣ ಕೊಟ್ಟು ತೊಳೆದಾಗ, ಒಡೆದ ಕೋಶಗಳ ದಾರಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಗೆರೆಗಳಿದ್ದರೆ, ಕೊನೆಯ ದಾರಿಯಲ್ಲಿ 30 ಕಿಲೋಡಾಲ್ಟನ್ (ಇದು ಅಣುವಿನ ತೂಕದ ಮಾನ) ಆಸುಪಾಸಿನಲ್ಲಿ ಒಂದೇ ಒಂದು ದಪ್ಪ ಗೆರೆ ಇತ್ತು. ಪಕ್ಕದ ಅಳತೆಯ ಗೆರೆಗಳಲ್ಲಿ 29 ಕಿಲೋಡಾಲ್ಟನ್ನಿನದು ದನದ ರಕ್ತದ ಕಾರ್ಬೊನಿಕ್ ಅನ್‌ಹೈಡ್ರೇಸೇ ಆಗಿದ್ದರಿಂದ, ಒಂದೇ ಮನೆತನದ ಇಬ್ಬರು ಅಕ್ಕಪಕ್ಕ ನಿಂತಂತೆ ಕಂಡಿತು. ನಾನು ಆ ಜೆಲ್ಲನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಬಹಳ ಹೊತ್ತು ನೋಡಿದೆ.

ಇಮಿಡಜೋಲನ್ನು ಹೊರಹಾಕಲು ತೆಳುಪೊರೆಯ ಚೀಲದಲ್ಲಿಟ್ಟು ಡಯಾಲಿಸಿಸ್ ಮಾಡಿ, 280 ನ್ಯಾನೊಮೀಟರ್ ಬೆಳಕಿನಲ್ಲಿ ಪ್ರಮಾಣ ಅಳೆದು, ಗ್ಲಿಸರಾಲ್ ಬೆರೆಸಿ, 240 ಪುಟ್ಟ ಟ್ಯೂಬುಗಳಿಗೆ ಹಂಚಿದೆ. ಒಂದೇ ಸೀಸೆಯಲ್ಲಿಟ್ಟು ದಿನವೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಪ್ರೋಟೀನು ಕೆಡುತ್ತದೆ. ಒಂದು ಟ್ಯೂಬು ಒಂದು ದಿನಕ್ಕೆ, ಉಳಿದದ್ದನ್ನು ಚೆಲ್ಲಬೇಕು. ಥಟ್ಟನೆ ಹೆಪ್ಪುಗಟ್ಟಿಸಲು ದ್ರವ ಸಾರಜನಕ ಬೇಕಿತ್ತು. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವುದು ಅದರಲ್ಲಿಯೇ ಎಂಬುದು ಅಣ್ಣನಿಗೆ ನೆನಪಾಯಿತು. ಪಶುವೈದ್ಯರೊಬ್ಬರು ಒಂದು ಕ್ಯಾನು ತುಂಬಿ ಕೊಟ್ಟರು.

ಇಲ್ಲಿಗೆ ಕೆಲಸ ಮುಗಿಯಿತೆಂದುಕೊಂಡಿದ್ದೆ. ಇನ್ನು ಉಳಿದಿದ್ದದ್ದು ಚಟುವಟಿಕೆಯ ಪರೀಕ್ಷೆ ಮಾತ್ರ. 1948ರಲ್ಲಿ ವಿಲ್ಬರ್ ಮತ್ತು ಆ್ಯಂಡರ್ಸನ್ ಹೇಳಿಕೊಟ್ಟ ಈ ಪರೀಕ್ಷೆ ಸರಳವಾದದ್ದು. ಹಿಮದಲ್ಲಿಟ್ಟ ಬಫರಿಗೆ ಬಣ್ಣ ಬದಲಿಸುವ ಸೂಚಕವನ್ನು ಬೆರೆಸಿ, ಗೋಲಿ ಸೋಡಾದಲ್ಲಿರುವ ಅದೇ ಅನಿಲವನ್ನು ತಣ್ಣೀರಿನಲ್ಲಿ ತುಂಬಿಸಿ ಅದಕ್ಕೆ ಸುರಿಯಬೇಕು. ಬೈಕಾರ್ಬೊನೇಟ್ ಆಗುತ್ತಿದ್ದಂತೆ ಆಮ್ಲವೂ ಹುಟ್ಟಿ ನೀಲಿ ಬಣ್ಣ ಹಸಿರಾಗಿ ಹಳದಿಯಾಗುತ್ತದೆ, ಪಿಎಚ್ 8.3ರಿಂದ 6.3ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಅಳತೆ. ಕಿಣ್ವವಿಲ್ಲದೆ ನಮ್ಮಲ್ಲಿ 84 ಸೆಕೆಂಡು ಹಿಡಿಯುತ್ತಿತ್ತು. ಕಿಣ್ವ ಹಾಕಿದಾಗ, ಪ್ರಕಟಿತ ಲೆಕ್ಕದ ಪ್ರಕಾರ, ಮೂವತ್ತು ಸೆಕೆಂಡಿನೊಳಗೆ ಮುಗಿಯಬೇಕಿತ್ತು. 50 ಸೆಕೆಂಡು ಹಿಡಿಯಿತು. ಹೊಸ ಟ್ಯೂಬು ತೆಗೆದೆ, ಮತ್ತೆ 50, ಇನ್ನೊಂದು, 51.

ಕಿಣ್ವವಿಲ್ಲದ 84 ಸೆಕೆಂಡಿಗೆ ಹೋಲಿಸಿ ಲೆಕ್ಕ ಹಾಕಿದರೆ, ಜೆಲ್ಲಿನಲ್ಲಿ ಅಷ್ಟು ಶುದ್ಧವಾಗಿ ಕಂಡ ಪ್ರೋಟೀನಿನ ಚಟುವಟಿಕೆ ಇರಬೇಕಾದದ್ದರ ಮೂರನೇ ಒಂದು ಭಾಗದಷ್ಟೇ ಇತ್ತು. ನಿಕ್ಕಲ್ ಕಾಲಮ್ಮಿಗೆ ಬಾಲ ಮಾತ್ರ ಗೊತ್ತು. ಹಿಡಿದದ್ದು ಬದುಕಿದ ಪ್ರೋಟೀನೋ ಸತ್ತದ್ದೋ ಎಂದು ಅದು ನೋಡುವುದಿಲ್ಲ. ಸತುವಿಗೆ ಅಂಟುವ ಸಲ್ಫೋನಮೈಡ್ ಎಂಬ ಪದಾರ್ಥ ಕಟ್ಟಿದ ಕಾಲಮ್ ಬಳಸಿದ್ದರೆ, ಸತುವಿರುವ ಸರಿಯಾದ ಕಿಣ್ವ ಮಾತ್ರ ಅಂಟಿಕೊಳ್ಳುತ್ತಿತ್ತು. ಮುಂದಿನ ಸಲ ಈ ಕೆಲಸ ಮಾಡುವವರಿಗೆ ನಾನು ಅದನ್ನೇ ಶಿಫಾರಸು ಮಾಡುತ್ತೇನೆ.

ನಂತರದ ಆರು ವಾರ ನಾನು ಪ್ರೋಟೀನನ್ನೇ ಅನುಮಾನಿಸಿದೆ. ಸತು ಬಿಟ್ಟುಹೋಗಿರಬಹುದೆಂದು ಸತುವಿನ ದ್ರಾವಣದೊಂದಿಗೆ ಮತ್ತೆ ಡಯಾಲಿಸಿಸ್ ಮಾಡಿದೆ, ಪ್ರಯೋಜನವಾಗಲಿಲ್ಲ. ಪರೀಕ್ಷೆಗೆ ತೀರಾ ತೆಳುವಾಗಿಸಿದ ಪ್ರೋಟೀನು ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೆ ಅಂಟಿ ಕಡಿಮೆಯಾಗುತ್ತದೆ ಎಂಬುದನ್ನು ಓದಿ, ಅದನ್ನು ತಡೆಯಲು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನನ್ನು ಬೆರೆಸಿದೆ. 50 ಸೆಕೆಂಡು 47 ಆಯಿತು. ಅದು ನಿಜವಾದ ಲಾಭವೇ, ಈಗಲೂ ಹಾಗೆಯೇ ಮಾಡುತ್ತೇನೆ, ಆದರೆ ರೋಗ ಅದಲ್ಲ. ಕರೆಂಟು ಹೋದ ರಾತ್ರಿಯನ್ನು ದೂರಿ ಎರಡನೆಯ ಸಲ ಮೊದಲಿನಿಂದ ಪ್ರೋಟೀನು ತಯಾರಿಸಿದೆ. ಅದೇ ಸುಂದರವಾದ ಒಂಟಿ ಗೆರೆ, ಅದೇ 50 ಸೆಕೆಂಡು.

ಕೊನೆಗೆ ಮೇಡಂ, "ಪ್ರೋಟೀನನ್ನು ಬೇರೆಯವರ ಮನೆಯಲ್ಲಿ ಪರೀಕ್ಷಿಸಿ ನೋಡು" ಎಂದರು. ಬೈತಖೋಲದ ಬಂದರಿನಲ್ಲಿ ಮೀನು ತುಂಬುವ ಥರ್ಮೊಕೋಲ್ ಪೆಟ್ಟಿಗೆಯೊಂದಕ್ಕೆ ಮಂಜುಗಡ್ಡೆಯ ಪುಡಿ ತುಂಬಿ, ನಡುವೆ ಐದು ಟ್ಯೂಬುಗಳನ್ನಿಟ್ಟು, ಬೆಳಗಿನ ಬಸ್ಸಿನಲ್ಲಿ ಅರಬೈಲು ಘಟ್ಟ ಹತ್ತಿ ಧಾರವಾಡಕ್ಕೆ ಹೋದೆ. ಅಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿ ತನ್ನ ಬಫರು, ತನ್ನ ಸೂಚಕ, ತನ್ನ ನೀರು ಎಲ್ಲವನ್ನೂ ಸಿದ್ಧವಾಗಿಟ್ಟಿದ್ದಳು. ಪ್ರೋಟೀನು ಹಾಕಿ ಅನಿಲದ ನೀರು ಸುರಿದದ್ದೇ ತಡ, ನಾನು ಗಡಿಯಾರದ ಗುಂಡಿ ಒತ್ತಿ ಕಣ್ಣೆತ್ತುವಷ್ಟರಲ್ಲಿ ನೀಲಿ ಹಸಿರಾಗಿತ್ತು. 26ನೆಯ ಸೆಕೆಂಡಿಗೆ ಬೀಕರಿನ ತುಂಬ ಹಳದಿ. ಮೂರು ಸಲ ಮಾಡಿದೆವು. ಕಾರವಾರದಲ್ಲಿ ಮೂರನೇ ಒಂದು ಭಾಗ ತೋರಿಸಿದ್ದ ಕಿಣ್ವ ಧಾರವಾಡದಲ್ಲಿ ಪೂರ್ತಿ ಬದುಕಿತ್ತು. ಪ್ರೋಟೀನಿಗೆ ಏನೂ ಆಗಿರಲಿಲ್ಲ.

ಮರಳಿ ಬಂದು ಬಫರ್ ಇಡುವ ಕಪಾಟಿನ ಮುಂದೆ ನಿಂತೆ. ಹತ್ತು ಪಟ್ಟು ಗಟ್ಟಿಯಾಗಿ ಮಾಡಿಟ್ಟ ಟ್ರಿಸ್ ಬಫರಿನ ಐದು ಲೀಟರ್ ಕ್ಯಾನು ಅಲ್ಲಿತ್ತು. ಅದರಿಂದಲೇ ದಿನವೂ ತೆಗೆದು ನೀರು ಬೆರೆಸಿ ಬಳಸುತ್ತಿದ್ದೆ. "ಇದರಲ್ಲಿ ಏನಿದೆ ಅಣ್ಣ?" ಎಂದು ಕೇಳಿದೆ. ಅವರು ಕ್ಯಾನನ್ನು ತಿರುಗಿಸಿ ಹಿಂಬದಿಯ ಚೀಟಿಯನ್ನು ತೋರಿಸಿ, "ನೀನೇ ಬರೆದದ್ದಲ್ಲ ತಂಗೀ, ಮಳೆಗಾಲಕ್ಕೆ ಬೂಸು ಹಿಡೀತದೆ ಅಂತ ಹಾಕಿದ್ದು" ಎಂದರು. ಜೂನ್ ತಿಂಗಳ ತಾರೀಕು, ನನ್ನದೇ ಕೈಬರಹ, ಸೋಡಿಯಂ ಅಜೈಡ್ 0.2 ಶೇಕಡಾ.

ಕಾರವಾರದ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೂ ಚಪ್ಪಲಿಯ ಪಟ್ಟಿಗೂ ಬೂಸು ಬರುತ್ತದೆ, ಬಫರಿನ ಸೀಸೆ ಇದಕ್ಕೆ ಹೊರತಲ್ಲ. ಅಜೈಡ್ ಹಾಕಿದರೆ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲವಾದ್ದರಿಂದ ಪ್ರೋಟೀನು ಕೆಲಸ ಮಾಡುವವರು ಇದನ್ನು ಸಾಮಾನ್ಯವಾಗಿ ಬಳಸುತ್ತಾರೆ. ಆದರೆ ಅಜೈಡ್ ಲೋಹಕ್ಕೆ ಅಂಟುವ ಪದಾರ್ಥ. ಕಾರ್ಬೊನಿಕ್ ಅನ್‌ಹೈಡ್ರೇಸಿನ ಸತುವಿನ ಮೇಲೆಯೇ ಹೋಗಿ ಕೂರುತ್ತದೆ. ಹತ್ತು ಪಟ್ಟು ನೀರು ಬೆರೆಸಿದ ಮೇಲೆ ಉಳಿಯುವ 0.02 ಶೇಕಡಾ ಎಂದರೆ ಸುಮಾರು 3 ಮಿಲಿಮೋಲಾರ್. ಮಾನವ ಕಿಣ್ವವನ್ನು ಬಹುಪಾಲು ಕಟ್ಟಿಹಾಕಲು ಅಷ್ಟು ಸಾಕು. ಕಿಣ್ವವಿಲ್ಲದ ಪರೀಕ್ಷೆಯಲ್ಲಿ ಅಜೈಡ್ ಏನನ್ನೂ ಬದಲಿಸುವುದಿಲ್ಲ. ಹಾಗಾಗಿ ಆ 84 ಸೆಕೆಂಡು ವರ್ಷವಿಡೀ ಅಲುಗದೆ ನಿಂತು, ನಮ್ಮ ಪರೀಕ್ಷೆ ಸರಿಯಾಗಿದೆ ಎಂಬ ನಂಬಿಕೆ ಹುಟ್ಟಿಸಿತ್ತು.

ಆ ಸಂಜೆ ನನ್ನನ್ನು ಕಾಡಿದ್ದು ಪ್ರೋಟೀನಿನ ಆರು ವಾರಗಳಲ್ಲ. ಅಜೈಡ್ ಬೆರೆತದ್ದು ಜೂನ್‌ನಲ್ಲಿ. ಬಳಚಿನ ಕಿಣ್ವ ಥಟ್ಟನೆ ಕುಸಿದದ್ದೂ ಜೂನ್‌ನಲ್ಲಿ. ಮಳೆಯೂ ಜೂನ್‌ನಲ್ಲಿ ಬಂದದ್ದರಿಂದ ಆ ಕುಸಿತಕ್ಕೆ ನಾನು ಅಳಿವೆಯ ಸಿಹಿನೀರನ್ನು ಕಾರಣ ಮಾಡಿದ್ದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನೀರು ಮತ್ತೆ ಉಪ್ಪಾದರೂ ಬಳಚಿನ ಅಳತೆ ಮೇಲೇರಿರಲಿಲ್ಲ. ಚೇತರಿಕೆಗೆ ಸಮಯ ಬೇಕೆಂದು ಟಿಪ್ಪಣಿ ಬರೆದುಕೊಂಡು ಮುಂದೆ ಹೋಗಿದ್ದೆ. ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಬಳಚಿನ ಕಿಣ್ವ ಎಷ್ಟು ಇರಬೇಕೆಂದು ಯಾರಿಗೂ ಗೊತ್ತಿಲ್ಲದ ಕಾರಣ ಅದು ಕಡಿಮೆ ತೋರಿಸಿದಾಗ ಪ್ರಶ್ನಿಸುವ ಆಧಾರ ನಮಗಿರಲಿಲ್ಲ. ಮಾನವ ಕಿಣ್ವ ಎಷ್ಟು ಇರಬೇಕೆಂದು ಗೊತ್ತಿತ್ತು, ಆದ್ದರಿಂದ ಅದು ಸಿಕ್ಕಿಹಾಕಿಸಿತು.

ಜೂನ್‌ನಿಂದ ಮುಂದಿನ ಎಲ್ಲ ಅಳತೆಗಳ ಪುಟಗಳಿಗೆ ಅಡ್ಡಗೆರೆ ಎಳೆದು, ಕಾರಣ ಬರೆದು, ತಾರೀಕು ಹಾಕಿ ಮೇಡಂ ಅವರ ಸಹಿ ಪಡೆದೆ. ಅವರು ಗದರಲಿಲ್ಲ, ಪುಟವನ್ನು ಹರಿಯಬೇಡ, ಹಾಗೆಯೇ ಇರಲಿ ಎಂದಷ್ಟೇ ಹೇಳಿದರು. ಅಜೈಡ್ ಇದ್ದ ಬಫರನ್ನು ಸಿಂಕಿಗೆ ಸುರಿಯುವಂತಿಲ್ಲ, ಏಕೆಂದರೆ ಸೀಸ ಮತ್ತು ತಾಮ್ರದ ಕೊಳವೆಗಳಲ್ಲಿ ಅದು ಸ್ಫೋಟಕ ಲವಣಗಳಾಗಿ ಕೂಡಿಕೊಳ್ಳುತ್ತದೆ, ಮನುಷ್ಯರಿಗೂ ಅದು ಘೋರ ವಿಷ. ಮುಚ್ಚಳ ಬಿಗಿದು ಅಪಾಯಕಾರಿ ತ್ಯಾಜ್ಯದ ಪಾಲಿಗೆ ಕಳಿಸಿದೆವು. ಈಗ ಬಫರನ್ನು ಅರ್ಧ ಲೀಟರಿನಷ್ಟೇ ಮಾಡಿ, ಸೋಸಿ, ಫ್ರಿಜ್ಜಿನಲ್ಲಿಟ್ಟು, ವಾರದಲ್ಲಿ ಮುಗಿಸುತ್ತೇವೆ. ಬೂಸು ಕಂಡರೆ ಚೆಲ್ಲುತ್ತೇವೆ.

ಈ ಮಳೆಗಾಲದಲ್ಲಿ ಮತ್ತೆ ಬಳಚು ತರುತ್ತಿದ್ದೇನೆ. ಪ್ರತಿ ಬೆಳಿಗ್ಗೆ ಮೊದಲು ಮೈನಸ್ 80ರ ಪೆಟ್ಟಿಗೆಯಿಂದ ಒಂದು ಟ್ಯೂಬು ತೆಗೆದು ಅಂಗೈಯಲ್ಲಿ ಕರಗಿಸಿ ಹಿಮದ ಮೇಲಿಡುತ್ತೇನೆ, ಅದು 25ರಿಂದ 27 ಸೆಕೆಂಡಿನೊಳಗೆ ಹಳದಿಯಾದರೆ ಮಾತ್ರ ಬಳಚಿನ ಚಿಪ್ಪು ಬಿಚ್ಚುತ್ತೇನೆ. ಜುಲೈ ತಿಂಗಳಲ್ಲಿ ಕಿಣ್ವ ಇಳಿದದ್ದು ನಿಜ, ಆದರೆ ಹಿಂದಿನ ವರ್ಷ ನಾನು ನಕ್ಷೆಯಲ್ಲಿ ಬರೆದ ಕುಸಿತಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆಗಸ್ಟ್, ಸೆಪ್ಟೆಂಬರ್ ಅಳತೆಗಳು ಇನ್ನೂ ಬಾಕಿ ಇವೆ. ಎರಡನೆಯ ಸಲದ ತಯಾರಿಯ ಟ್ಯೂಬುಗಳಲ್ಲಿ 163 ಉಳಿದಿವೆ.